ಗಟ್ಟಿ ಗೂಢಚಾರರು ನಾಲ್ವರು: ಮೊದಲು ಯಾರ ಪುಸ್ತಕ ಹಿಡಿಯಬೇಕು?

"ಬಾಂಡ್ ಸಿನಿಮಾ ಎಲ್ಲ ನೋಡಿ ಮುಗೀತು ಚಿಕ್ಕಪ್ಪ. ಇನ್ನು ಪುಸ್ತಕ ಓದಬೇಕು. ಒಂದು ಒಳ್ಳೆ ಗೂಢಚಾರ ಕಾದಂಬರಿ ಕೊಡಿ."

ಅಣ್ಣನ ಮಗಳು ಕಳೆದ ಬೇಸಿಗೆಯಲ್ಲಿ ಹೀಗೆ ಕೇಳಿದಳು. ನನಗೆ ತುಂಬಾ ಖುಷಿಯಾಯಿತು. ಕಪಾಟಿನಿಂದ ನನಗೆ ಎಲ್ಲಕ್ಕಿಂತ ಇಷ್ಟವಾದ ಪುಸ್ತಕವನ್ನೇ ತೆಗೆದು ಕೊಟ್ಟೆ. ಒಂದು ವಾರಕ್ಕೆ ವಾಪಸ್ ಬಂತು. ನಲವತ್ತು ಪುಟ ದಾಟಿರಲಿಲ್ಲ. "ಏನಾಗ್ತಿದೆ ಅಂತಾನೇ ಗೊತ್ತಾಗಲಿಲ್ಲ" ಎಂದಳು.

ಪುಸ್ತಕ ಒಳ್ಳೆಯದೇ. ಆದರೆ ಅವಳು ಅದರಿಂದ ಶುರು ಮಾಡಬಾರದಿತ್ತು. ಈ ಬಗೆಯ ಕಾದಂಬರಿಗಳು ದೂರದಿಂದ ಒಂದೇ ಥರ ಕಾಣುತ್ತವೆ. ಮಳೆ, ಓವರ್‌ಕೋಟು, ಬರ್ಲಿನ್, ಸುಳ್ಳು ಪಾಸ್‌ಪೋರ್ಟು. ಒಳಗೆ ಹೋದರೆ ಒಂದೊಂದರ ಗುಣ ಬೇರೆ. ಅದಕ್ಕೇ ಈ ಬರಹ. ನಾಲ್ಕು ಜನ ಲೇಖಕರನ್ನು ಪಕ್ಕಪಕ್ಕ ಇಟ್ಟು ನೋಡೋಣ. ಯಾರಿಗೆ ಯಾವುದು ಹೊಂದುತ್ತದೆ ಎಂದು ಹೇಳಲು ಪ್ರಯತ್ನ ಮಾಡುತ್ತೇನೆ. ಕಥೆಯ ಕೊನೆಯನ್ನು ಎಲ್ಲೂ ಬಿಟ್ಟುಕೊಡುವುದಿಲ್ಲ.

ಈ ನಾಲ್ವರು ಬರೆಯುವಂಥ ಗಡುಸು ಕಥೆಗೆ ಇಂಗ್ಲಿಷಿನಲ್ಲಿ 'ಹಾರ್ಡ್‌ಬಾಯಿಲ್ಡ್' ಎನ್ನುತ್ತಾರೆ. ಮೊದಲು ಆ ಮಾತು ನೋಡೋಣ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆ ಅಂತ ಅದರ ಅರ್ಥ. ಒಡೆದರೂ ಒಳಗಿನದು ಹರಿಯುವುದಿಲ್ಲ. 1920ರ ದಶಕದಲ್ಲಿ ಅಮೆರಿಕದ 'ಬ್ಲ್ಯಾಕ್ ಮಾಸ್ಕ್' ಎಂಬ ಅಗ್ಗದ ಪತ್ರಿಕೆಯಲ್ಲಿ ಈ ಬಗೆಯ ಪತ್ತೇದಾರಿ ಕಥೆ ಬೆಳೆಯಿತು. ಡ್ಯಾಶಿಯಲ್ ಹ್ಯಾಮೆಟ್ ಅದರ ದೊಡ್ಡ ಹೆಸರು. ಅವರು ಸ್ವತಃ ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವರು. ಹಾಗಾಗಿ ಅವರ ಪತ್ತೇದಾರ ಮೇಧಾವಿಯಾಗಿರಲಿಲ್ಲ, ಕೆಲಸಗಾರನಾಗಿದ್ದ. ದುಡ್ಡಿಗೆ ದುಡಿಯುತ್ತಾನೆ, ಏಟು ತಿನ್ನುತ್ತಾನೆ, ಊರು ಕೊಳೆತಿದೆ ಎಂದು ಗೊತ್ತಿದ್ದೂ ತನ್ನ ಕೆಲಸ ಮುಗಿಸುತ್ತಾನೆ.

ನಮ್ಮಲ್ಲಿ ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ' ಓದಿ ಬೆಳೆದವರಿಗೆ ಈ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಪುರುಷೋತ್ತಮ ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂಬ ಧೈರ್ಯ ನಮಗಿರುತ್ತದೆ. ಹ್ಯಾಮೆಟ್ ಥರದ ಕಥೆಯಲ್ಲಿ ಆ ಧೈರ್ಯ ಸಿಗುವುದಿಲ್ಲ.

ಇಂಥ ಮನುಷ್ಯ ಗೂಢಚಾರನಾದರೆ ಏನಾಗುತ್ತದೆ? ನನ್ನ ಮಟ್ಟಿಗೆ ಈ ಕಾದಂಬರಿಗಳ ಸೆಳೆತವೆಲ್ಲ ಈ ಪ್ರಶ್ನೆಯಲ್ಲೇ ಇದೆ. ಖಾಸಗಿ ಪತ್ತೇದಾರ ಬೇಡದ ಕೇಸನ್ನು ಬೇಡ ಎನ್ನಬಹುದು. ಗೂಢಚಾರ ಹಾಗೆನ್ನಲಾರ. ಅವನಿಗೆ ಮೇಲಧಿಕಾರಿ ಇದ್ದಾನೆ, ಫೈಲು ಇದೆ, ರಜೆ ಅರ್ಜಿ ಇದೆ, ಪಿಂಚಣಿಯ ಚಿಂತೆ ಇದೆ. ಅವನು ಸಂಬಳದ ಮನುಷ್ಯ. ಮೇಲಿನವರು ಅರ್ಧ ಮಾತ್ರ ಹೇಳಿ ಕಳಿಸುತ್ತಾರೆ. ಉಳಿದರ್ಧವನ್ನು ಅವನು ಪ್ರಾಣ ಪಣಕ್ಕಿಟ್ಟು ಕಂಡುಕೊಳ್ಳಬೇಕು. ಯಾವುದೇ ಆಫೀಸಿನಲ್ಲಿ ಹತ್ತು ವರ್ಷ ಕೆಲಸ ಮಾಡಿದವರಿಗೆ ಈ ಸಂಕಟ ಅರ್ಥವಾಗುತ್ತದೆ, ಅಲ್ವಾ?

ಹಾಗಾಗಿ ಪುಸ್ತಕ ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ. ಈ ಮನುಷ್ಯನಿಗೆ ಪೆಟ್ಟು ಎಲ್ಲಿಂದ ಬೀಳುತ್ತದೆ? ಶತ್ರುವಿನಿಂದಲೋ, ತನ್ನದೇ ಆಫೀಸಿನಿಂದಲೋ, ತನ್ನ ಒಳಗಿನಿಂದಲೋ? ಉತ್ತರ ಯಾವುದಾಗಿದ್ದರೆ ನಿಮಗೆ ಹಿಡಿಸುತ್ತದೆ ಎಂದು ಗೊತ್ತಾದರೆ ಪುಸ್ತಕ ಸುಲಭವಾಗಿ ಸಿಗುತ್ತದೆ.

ಬಾಂಡ್ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಇಯಾನ್ ಫ್ಲೆಮಿಂಗ್ ಅವರ ಮೊದಲ ಪುಸ್ತಕ 'ಕ್ಯಾಸಿನೊ ರಾಯಲ್' (1953) ಸಿನಿಮಾಗಳಿಗಿಂತ ಎಷ್ಟೋ ಗಡುಸು. ಆದರೆ ಬಾಂಡ್ ಕಥೆಯಲ್ಲಿ ಹೋಟೆಲು, ಕಾರು, ಊಟ ಎಲ್ಲ ಕನಸಿನ ಹಾಗೆ ಇರುತ್ತವೆ. ಕನ್ನಡಕ್ಕೂ ಆ ಕನಸು ಬಂದಿತ್ತು. 1968ರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆಗಿ ಬಂದಾಗ ಜನ ಮುಗಿಬಿದ್ದು ನೋಡಿದರು. ಆ ಕನಸು ನನಗೂ ಇಷ್ಟ. ಕೆಳಗಿನ ನಾಲ್ವರು ಮಾತ್ರ ಬೇರೆ ದಾರಿಯವರು.

ಡೊನಾಲ್ಡ್ ಹ್ಯಾಮಿಲ್ಟನ್: ಕೈ ಮರೆಯದ ಕೆಲಸ

ಅಮೆರಿಕದ ಗಡುಸು ಪತ್ತೇದಾರಿ ಕಥೆಯಿಂದ ನೇರವಾಗಿ ಬಂದ ಗೂಢಚಾರ ಬೇಕು ಎಂದರೆ ಹ್ಯಾಮಿಲ್ಟನ್ ಅವರ ನಾಯಕ ಮ್ಯಾಟ್ ಹೆಲ್ಮ್. ಮೊದಲ ಪುಸ್ತಕ 'ಡೆತ್ ಆಫ್ ಎ ಸಿಟಿಜನ್' 1960ರಲ್ಲಿ ಬಂತು. ನ್ಯೂ ಮೆಕ್ಸಿಕೊದ ಸಾಂಟಾ ಫೆ ಊರು. ಹೆಲ್ಮ್ ಹೆಂಡತಿ ಮಕ್ಕಳ ಜೊತೆ ನೆಮ್ಮದಿಯಾಗಿದ್ದಾನೆ. ಕೌಬಾಯ್ ಕಾದಂಬರಿ ಬರೆಯುತ್ತಾನೆ, ಫೋಟೊ ತೆಗೆಯುತ್ತಾನೆ. ಎರಡನೇ ಮಹಾಯುದ್ಧದಲ್ಲಿ ಅವನು ಶತ್ರುಗಳನ್ನು ಗುಟ್ಟಾಗಿ ಮುಗಿಸುವ ತಂಡದಲ್ಲಿದ್ದ ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ಸಂಜೆ ಯಾರದೋ ಮನೆಯ ಪಾರ್ಟಿಯಲ್ಲಿ ಬಾಗಿಲು ತೆರೆಯುತ್ತದೆ. ಯುದ್ಧದ ದಿನಗಳಲ್ಲಿ ಜೊತೆಗಿದ್ದ ಹೆಣ್ಣು ಒಳಗೆ ಬರುತ್ತಾಳೆ. ಅಲ್ಲಿಂದ ಕಥೆ ನಿಲ್ಲುವುದಿಲ್ಲ.

ಶೀರ್ಷಿಕೆಯನ್ನು ಗಮನಿಸಿ. ಒಬ್ಬ ನಾಗರಿಕನ ಸಾವು. ಸಾಯುವ ನಾಗರಿಕ ಯಾರು ಎಂದು ಓದುತ್ತಾ ಓದುತ್ತಾ ಮೈ ತಣ್ಣಗಾಗುತ್ತದೆ. ಹೆಲ್ಮ್‌ಗೆ ಶತ್ರುವಿನ ಪೆಟ್ಟು ದೊಡ್ಡದಲ್ಲ. ಹದಿನೈದು ವರ್ಷ ಬಿಟ್ಟಿದ್ದ ಕೆಲಸ ತನ್ನ ಕೈಗೆ ಇನ್ನೂ ಬರುತ್ತದೆ, ಅಷ್ಟೇ ಸಲೀಸಾಗಿ ಬರುತ್ತದೆ ಎಂದು ತಿಳಿಯುವುದೇ ದೊಡ್ಡ ಪೆಟ್ಟು.

ಹ್ಯಾಮಿಲ್ಟನ್ ಅವರ ಇಂಗ್ಲಿಷ್ ತುಂಬಾ ಸರಳ. ಕಥೆಯನ್ನು ಹೆಲ್ಮ್ ತಾನೇ ಹೇಳುತ್ತಾನೆ, ಎದುರು ಕೂತು ಮಾತಾಡಿದ ಹಾಗೆ. ಬಂದೂಕು, ಚಾಕು, ಹಳೆ ಪಿಕಪ್ ಟ್ರಕ್ಕು, ಕ್ಯಾಮೆರಾ ಎಲ್ಲದರ ಬಗ್ಗೆಯೂ ಬಲ್ಲವನ ಮಾತು. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಈಗ ಇಂಗ್ಲಿಷ್ ಕಾದಂಬರಿ ಹಿಡಿಯುತ್ತಿರುವವರಿಗೆ ನಾಲ್ವರಲ್ಲಿ ಇವರೇ ಹಗುರ.

ಒಂದು ವಿಷಯ ಮುಂಚೆಯೇ ಹೇಳಬೇಕು. ಹೆಂಗಸರ ಬಗ್ಗೆ ಹೆಲ್ಮ್ ಆಡುವ ಮಾತು ಹಲವು ಕಡೆ ಇಂದು ಕಿವಿಗೆ ಚುಚ್ಚುತ್ತದೆ. ಕಾಲದ ಗುಣ ಎಂದು ಸುಮ್ನೆ ದಾಟಿಸಲು ನನಗೆ ಮನಸ್ಸಾಗುವುದಿಲ್ಲ. ಮೊದಲ ಪುಸ್ತಕದಲ್ಲಿ ಅದಕ್ಕೆ ಕಥೆಯೊಳಗೆ ಒಂದು ಕಾರಣವಾದರೂ ಇದೆ. ಮುಂದಿನ ಪುಸ್ತಕಗಳಲ್ಲಿ ಅದು ಬರೀ ರೂಢಿಯಾಗುತ್ತದೆ. ಸರಣಿಯಲ್ಲಿ ಅಚ್ಚಾದದ್ದು 27 ಪುಸ್ತಕ. ಮೊದಲ ಐದಾರು ಸಾಕು. 1966ರಿಂದ 1968ರವರೆಗೆ ಡೀನ್ ಮಾರ್ಟಿನ್ ನಟಿಸಿದ ನಾಲ್ಕು ಹೆಲ್ಮ್ ಸಿನಿಮಾ ಬಂದವು. ಅವು ಹಾಸ್ಯದ ಸಿನಿಮಾಗಳು. ಅವನ್ನು ನೋಡಿ ಪುಸ್ತಕ ಹೀಗೇ ಎಂದುಕೊಳ್ಳಬೇಡಿ.

ಲೆನ್ ಡೇಟನ್: ಹೆಸರಿಲ್ಲದವನು, ಬಾಕಿ ಸಂಬಳ

ಅಣ್ಣನ ಮಗಳಿಗೆ ನಾನು ಕೊಟ್ಟದ್ದು ಇದೇ. 'ದಿ ಇಪ್‌ಕ್ರೆಸ್ ಫೈಲ್', 1962. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಕ್ಷಮಿಸಿ.

ಕಥೆ ಹೇಳುವವನಿಗೆ ಹೆಸರಿಲ್ಲ. ಒಂದು ಕಡೆ ಯಾರೋ ಅವನನ್ನು ಹ್ಯಾರಿ ಎನ್ನುತ್ತಾರೆ. ತನ್ನ ಹೆಸರು ಅದಲ್ಲ ಎಂದು ನಮಗೆ ಹೇಳಿ ಸುಮ್ಮನಾಗುತ್ತಾನೆ. 1965ರ ಸಿನಿಮಾದವರು ಅವನಿಗೆ ಹ್ಯಾರಿ ಪಾಮರ್ ಎಂದು ಹೆಸರಿಟ್ಟರು. ಮೈಕೆಲ್ ಕೇನ್ ಕನ್ನಡಕ ಹಾಕಿಕೊಂಡು ಆ ಪಾತ್ರ ಮಾಡಿದರು. ಪುಸ್ತಕದಲ್ಲಿ ಅವನು ಇಂಗ್ಲೆಂಡಿನ ಉತ್ತರದ ಬರ್ನ್ಲಿಯಿಂದ ಬಂದ ಸಾಮಾನ್ಯರ ಮನೆಯ ಹುಡುಗ. ಸೈನ್ಯದ ಬೇಹುಗಾರಿಕೆ ವಿಭಾಗದಿಂದ ಲಂಡನ್ನಿನ ಶಾರ್ಲೆಟ್ ಸ್ಟ್ರೀಟಿನ ಒಂದು ಸಣ್ಣ, ಮಾಸಿದ ಆಫೀಸಿಗೆ ವರ್ಗವಾಗಿದ್ದಾನೆ. ಸುತ್ತಲೂ ದೊಡ್ಡ ಸ್ಕೂಲಿನಲ್ಲಿ ಓದಿದ ಸಾಹೇಬರು. ಅವರ ಮಾತಿನ ಧಾಟಿ ಇವನಿಗಿಲ್ಲ. ದೇಶದಲ್ಲಿ ವಿಜ್ಞಾನಿಗಳು ಕಾಣೆಯಾಗುತ್ತಿದ್ದಾರೆ. ಇವನು ಅದರ ಹಿಂದೆ ಓಡುತ್ತಲೇ ತನಗೆ ಬರಬೇಕಾದ ಹಳೆ ಬಾಕಿ ಸಂಬಳ, ಭತ್ಯೆಯ ಬಗ್ಗೆಯೂ ಕೇಳುತ್ತಿರುತ್ತಾನೆ.

ಈ ಸಂಬಳದ ವಿಷಯ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ನಕ್ಕಿದ್ದೆ. ಆಗ ನನಗೆ ಮೊದಲ ನೌಕರಿ. ಟಿಎ ಬಿಲ್ಲು ನಾಲ್ಕು ತಿಂಗಳಿಂದ ಯಾವುದೋ ಮೇಜಿನ ಮೇಲೆ ಕೂತಿತ್ತು. ಲೋಕ ಉಳಿಸುವ ಗೂಢಚಾರನಿಗೂ ಇದೇ ಪಾಡು ಎಂದು ಬರೆದ ಲೇಖಕರ ಮೇಲೆ ಅಂದೇ ಪ್ರೀತಿ ಹುಟ್ಟಿತು.

ಡೇಟನ್ ಮೂಲತಃ ಚಿತ್ರ ಕಲಾವಿದರು. ಅಡುಗೆಯಲ್ಲೂ ಗಟ್ಟಿ. 'ದಿ ಅಬ್ಸರ್ವರ್' ಪತ್ರಿಕೆಗೆ ಚಿತ್ರಪಟ್ಟಿಯ ರೂಪದಲ್ಲಿ ಅಡುಗೆ ವಿಧಾನ ಬರೆಯುತ್ತಿದ್ದರು. ಅವರ ನಾಯಕನಿಗೂ ಒಳ್ಳೆ ಕಾಫಿ, ಒಳ್ಳೆ ಊಟದ ರುಚಿ ಗೊತ್ತು. ಸಿನಿಮಾದಲ್ಲಿ ಒಂದೇ ಕೈಯಲ್ಲಿ ಮೊಟ್ಟೆ ಒಡೆಯುವ ದೃಶ್ಯ ಇದೆಯಲ್ಲ, ಅಲ್ಲಿ ಕಾಣುವುದು ಡೇಟನ್ ಅವರದೇ ಕೈ.

ಹಾಗಾದರೆ ಅವಳಿಗೆ ಯಾಕೆ ಹಿಡಿಸಲಿಲ್ಲ? ಡೇಟನ್ ಏನನ್ನೂ ಬಿಡಿಸಿ ಹೇಳುವುದಿಲ್ಲ. ಇಬ್ಬರು ಮಾತಾಡುತ್ತಾರೆ. ಅವರಿಬ್ಬರಿಗೂ ಗೊತ್ತಿರುವ ವಿಷಯವನ್ನು ಬಾಯಲ್ಲಿ ಆಡುವುದಿಲ್ಲ. ನಿಜ ಜೀವನದಲ್ಲೂ ಹಾಗೇ ತಾನೇ? ಆದರೆ ಓದುಗರಿಗೆ ಅದು ಗೊತ್ತಿಲ್ಲ. ಮೂರು ಅಧ್ಯಾಯ ಕಳೆದ ಮೇಲೆ "ಓ, ಆವತ್ತು ಅವನು ಹೇಳಿದ್ದು ಇದಕ್ಕಾ" ಅಂತ ಹೊಳೆಯುತ್ತದೆ. ಹೊಳೆದಾಗ ಸಿಗುವ ಸುಖ ದೊಡ್ಡದು. ಹೊಳೆಯುವವರೆಗೆ ತಾಳ್ಮೆ ಬೇಕು. ಅಡಿಟಿಪ್ಪಣಿ, ಕೊನೆಯಲ್ಲಿ ಅನುಬಂಧ, ಪ್ರತಿ ಅಧ್ಯಾಯದ ತಲೆಗೆ ರಾಶಿಭವಿಷ್ಯ ಬೇರೆ. ಇಲ್ಲಿ ಪೆಟ್ಟು ಆಫೀಸಿನಿಂದ ಬೀಳುತ್ತದೆ. ಯಾವ ಮೇಜಿನಿಂದ ಎಂದು ಕೊನೆಯವರೆಗೂ ಗೊತ್ತಾಗದು.

ಡೇಟನ್ ಬೇಕು, ಆದರೆ ಇಷ್ಟು ಕಷ್ಟ ಬೇಡ ಎನ್ನುವವರು 1983ರ 'ಬರ್ಲಿನ್ ಗೇಮ್' ಹಿಡಿಯಲಿ. ಅಲ್ಲಿ ಬರ್ನಾರ್ಡ್ ಸ್ಯಾಮ್ಸನ್ ಎಂಬ ನಲವತ್ತು ದಾಟಿದ ಗೂಢಚಾರ. ಬಡ್ತಿ ಸಿಗದೆ ಮೇಜಿಗೆ ಅಂಟಿಕೊಂಡಿದ್ದಾನೆ. ಹೆಂಡತಿಯೂ ಅದೇ ಇಲಾಖೆಯಲ್ಲಿ, ಅವನಿಗಿಂತ ಚೆನ್ನಾಗಿ ಮೇಲೇರುತ್ತಿದ್ದಾಳೆ. 'ಮೆಕ್ಸಿಕೊ ಸೆಟ್' (1984), 'ಲಂಡನ್ ಮ್ಯಾಚ್' (1985) ಅದರ ಮುಂದಿನ ಭಾಗ. ಈ ಮೂರನ್ನು ಸಾಲಾಗಿಯೇ ಓದಬೇಕು. ಎರಡನೆಯದರ ಹಿಂಬದಿ ರಕ್ಷಾಪುಟ ಓದಿದರೂ ಮೊದಲನೆಯದರ ಗುಟ್ಟು ಹಾಳಾಗುತ್ತದೆ. ಗಂಡ ಹೆಂಡತಿ, ಮಕ್ಕಳ ಸ್ಕೂಲು, ಮಾವನ ದರ್ಬಾರು, ಆಫೀಸಿನ ರಾಜಕೀಯ ಎಲ್ಲ ಒಂದೇ ದಾರದಲ್ಲಿ ಹೆಣೆದ ಇಂಥ ಗೂಢಚಾರ ಕಥೆ ನಾನು ಬೇರೆ ಓದಿಲ್ಲ.

ಜಾನ್ ಲೆ ಕಾರೆ: ತಾನೇ ಗಾಳವಾದವನು

1961ರ ಆಗಸ್ಟ್ 13ರಂದು ಬರ್ಲಿನ್ನಿನಲ್ಲಿ, ಕಮ್ಯುನಿಸ್ಟರ ಪೂರ್ವ ಭಾಗಕ್ಕೂ ಪಶ್ಚಿಮ ಭಾಗಕ್ಕೂ ನಡುವೆ ತಂತಿಬೇಲಿ ಎದ್ದಿತು. ಆಮೇಲೆ ಅದೇ ಗೋಡೆಯಾಯಿತು. ಆ ದಿನಗಳಲ್ಲಿ ಡೇವಿಡ್ ಕಾರ್ನ್‌ವೆಲ್ ಎಂಬ ಯುವಕ ಪಶ್ಚಿಮ ಜರ್ಮನಿಯ ಬಾನ್‌ನಲ್ಲಿ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿದ್ದರು. ನಿಜದಲ್ಲಿ ಬೇಹುಗಾರಿಕೆ ಇಲಾಖೆಯವರು. ಅವರೇ ಜಾನ್ ಲೆ ಕಾರೆ ಎಂಬ ಹೆಸರಿನಲ್ಲಿ 1963ರಲ್ಲಿ 'ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್' ಬರೆದರು.

ಬರ್ಲಿನ್ನಿನ ತಪಾಸಣೆ ಗೇಟು. ರಾತ್ರಿ. ಅಲೆಕ್ ಲೀಮಸ್ ತನ್ನ ಕೊನೆಯ ಒಳ್ಳೆಯ ಏಜೆಂಟಿಗಾಗಿ ಕಾಯುತ್ತಿದ್ದಾನೆ. ಆ ಏಜೆಂಟು ಸೈಕಲ್ಲಿನಲ್ಲಿ ಬರುತ್ತಾನೆ. ಈ ಮೊದಲ ಅಧ್ಯಾಯವನ್ನು ನಾನು ಹತ್ತು ಸಲವಾದರೂ ಓದಿರಬೇಕು. ಆಮೇಲೆ ಲೀಮಸ್ ಲಂಡನ್ನಿಗೆ ಬರುತ್ತಾನೆ. ಇಲಾಖೆ ಅವನಿಗೆ ಕೊನೆಯ ಒಂದು ಕೆಲಸ ಕೊಡುತ್ತದೆ. ಅವನು ಹಾಳಾಗಬೇಕು. ಕುಡಿಯಬೇಕು, ದುಡ್ಡಿಲ್ಲದೆ ಅಲೆಯಬೇಕು, ಜೈಲಿಗೆ ಹೋಗಬೇಕು. ಇವನು ಮಾರಾಟಕ್ಕಿದ್ದಾನೆ ಎಂದು ಪೂರ್ವ ಜರ್ಮನಿಯವರು ನಂಬಬೇಕು. ಅಂದರೆ ಅವನೇ ಗಾಳಕ್ಕೆ ಸಿಕ್ಕಿಸಿದ ಹುಳು. ನಾಟಕವಾಡುತ್ತಾ ಆಡುತ್ತಾ ಎಲ್ಲಿ ನಾಟಕ ಮುಗಿದು ನಿಜವಾದ ಹಾಳು ಶುರುವಾಯಿತು ಎಂದು ನಮಗೂ ತಿಳಿಯುವುದಿಲ್ಲ. ನಡುವೆ ಲಿಜ್ ಎಂಬ ಹುಡುಗಿ ಬರುತ್ತಾಳೆ. ಲೈಬ್ರರಿಯಲ್ಲಿ ಕೆಲಸ, ಕಮ್ಯುನಿಸ್ಟ್ ಪಕ್ಷದ ಸದಸ್ಯೆ, ಒಳ್ಳೆಯ ಮನಸ್ಸು. ಇಡೀ ಪುಸ್ತಕದಲ್ಲಿ ಯಾವ ಲೆಕ್ಕಾಚಾರವೂ ಇಲ್ಲದೆ ಪ್ರೀತಿಸುವವಳು ಅವಳೊಬ್ಬಳೇ.

ಇಲ್ಲಿ ಪೆಟ್ಟು ನಂಬಿದ ಜಾಗದಿಂದಲೇ ಬೀಳುತ್ತದೆ. ಅದಕ್ಕಿಂತ ಜಾಸ್ತಿ ಹೇಳಿದರೆ ಕಥೆ ಕೆಡುತ್ತದೆ. ಸುಮಾರು 250 ಪುಟದ ಪುಸ್ತಕ. ಮಾತು ಬಿಗಿ, ಒಂದು ವಾಕ್ಯವೂ ದಂಡವಲ್ಲ. ತಾನು ಓದಿದ ಗೂಢಚಾರ ಕಥೆಗಳಲ್ಲೇ ಇದು ಶ್ರೇಷ್ಠ ಎಂದು ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಆಗ ಹೇಳಿದ್ದರು. ನಮ್ಮ ಮೈಸೂರಿನ ಆರ್. ಕೆ. ನಾರಾಯಣರ ಮೊದಲ ಕಾದಂಬರಿ 1935ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಗಲು ಕಾರಣರಾದವರು ಇದೇ ಗ್ರೀನ್. ಯುದ್ಧದ ಕಾಲದಲ್ಲಿ ಅವರೂ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಬ್ರಿಟಿಷರ ಬೇಹುಗಾರಿಕೆ ಇಲಾಖೆಗೆ ಕೆಲಸ ಮಾಡಿದ್ದರು. ಹಾಗಾಗಿ ಆ ಮಾತಿಗೆ ತೂಕವಿದೆ.

ಲೆ ಕಾರೆ ಅವರ ಬೇರೆ ಪುಸ್ತಕಗಳೆಲ್ಲ ಹೀಗೇ ಇರುತ್ತವೆ ಎಂದುಕೊಳ್ಳಬೇಡಿ. 1974ರ 'ಟಿಂಕರ್ ಟೇಲರ್ ಸೋಲ್ಜರ್ ಸ್ಪೈ' ಇನ್ನೂ ದೊಡ್ಡ ಕೃತಿ ಎನ್ನುವವರು ಬಹಳ ಜನ. ನಾನೂ ಒಪ್ಪುತ್ತೇನೆ. ಆದರೆ ಅದು ಗಡುಸು ಕಥೆಯಲ್ಲ. ದಪ್ಪ ಕನ್ನಡಕದ ವಯಸ್ಸಾದ ಜಾರ್ಜ್ ಸ್ಮೈಲಿ ಕೂತು ಹಳೆ ಫೈಲು ಓದುತ್ತಾನೆ, ಹಳಬರನ್ನು ಮಾತಾಡಿಸುತ್ತಾನೆ. ಇಲಾಖೆಯೊಳಗೇ ಇರುವ ರಷ್ಯಾದ ಮನುಷ್ಯನನ್ನು ಹುಡುಕುವ ಕಥೆ ಅದು. ಬ್ರಿಟಿಷ್ ಬೇಹುಗಾರಿಕೆ ಇಲಾಖೆಯಲ್ಲಿದ್ದುಕೊಂಡೇ ರಷ್ಯಾಕ್ಕೆ ಗುಟ್ಟು ದಾಟಿಸಿ, 1963ರಲ್ಲಿ ಮಾಸ್ಕೋಗೆ ಓಡಿಹೋದ ಕಿಮ್ ಫಿಲ್ಬಿಯ ನೆರಳು ಇಡೀ ಪುಸ್ತಕದ ಮೇಲಿದೆ. ನಿಧಾನವಾಗಿ ಓದುವವರಿಗೆ ಹಬ್ಬ. ಏಟು, ಓಟ ಬೇಕು ಎನ್ನುವವರು ಅದರಿಂದ ಶುರು ಮಾಡಬೇಡಿ.

ಆಡಮ್ ಹಾಲ್: ಬಂದೂಕು ಹಿಡಿಯದವನು

ಇವರು ನಮ್ಮ ಕಡೆ ಅಷ್ಟಾಗಿ ಗೊತ್ತಿಲ್ಲ. ಎಲ್‌ಸ್ಟನ್ ಟ್ರೆವರ್ ಎಂಬ ಲೇಖಕರು ಆಡಮ್ ಹಾಲ್ ಎಂಬ ಹೆಸರಿನಲ್ಲಿ ಕ್ವಿಲ್ಲರ್ ಕಾದಂಬರಿಗಳನ್ನು ಬರೆದರು. ಮೊದಲನೆಯದು 'ದಿ ಕ್ವಿಲ್ಲರ್ ಮೆಮೊರಾಂಡಮ್', 1965. ಇಂಗ್ಲೆಂಡಿನಲ್ಲಿ ಅದು 'ದಿ ಬರ್ಲಿನ್ ಮೆಮೊರಾಂಡಮ್' ಎಂದು ಬಂದಿತ್ತು. ಎರಡೂ ಒಂದೇ ಪುಸ್ತಕ, ಎರಡು ಸಲ ಕೊಳ್ಳಬೇಡಿ. ಒಟ್ಟು 19 ಪುಸ್ತಕಗಳಿವೆ.

ಕ್ವಿಲ್ಲರ್ ಬಂದೂಕು ಇಟ್ಟುಕೊಳ್ಳುವುದಿಲ್ಲ. ಬಂದೂಕು ಇದ್ದರೆ ಮನುಷ್ಯ ಯೋಚಿಸುವುದನ್ನು ಬಿಡುತ್ತಾನೆ ಎಂಬ ನಂಬಿಕೆಯವನು. ಅವನ ತಲೆಯೊಳಗೇ ಕಥೆ ನಡೆಯುತ್ತದೆ. ಹಿಂದೆ ಯಾರೋ ಬರುತ್ತಿದ್ದಾರೆ, ಯಾವ ತಿರುವಿನಲ್ಲಿ ತಪ್ಪಿಸಿಕೊಳ್ಳಬಹುದು, ನಾಡಿ ಎಷ್ಟು ಓಡುತ್ತಿದೆ, ಹೆದರಿಕೆ ದೇಹದಲ್ಲಿ ಎಲ್ಲಿ ಕೂತಿದೆ, ಎಲ್ಲ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತಾನೆ. ಔಷಧಿ ಚುಚ್ಚಿ ಅವನ ಬಾಯಿ ಬಿಡಿಸಲು ನೋಡುವ ಒಂದು ಭಾಗ ಇದೆ. ಮನಸ್ಸು ಜಾರುತ್ತಿರುವುದನ್ನು ಅದೇ ಮನಸ್ಸು ನೋಡುತ್ತಾ ತಡೆಯುತ್ತದೆ. ಅಂಥ ಬರವಣಿಗೆ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಅವನಿಗೆ ಪೆಟ್ಟು ಬೀಳುವುದು ತನ್ನ ನರಗಳ ಮೇಲೆ. ಪಾತ್ರಗಳ ಆಳ, ಪ್ರೀತಿ, ಊರಿನ ಚಿತ್ರ ಇವೆಲ್ಲ ಕಮ್ಮಿ. ರಾತ್ರಿ ನಿದ್ದೆ ಬೇಕೆನ್ನುವವರು ಇದನ್ನು ಹಗಲಲ್ಲಿ ಓದಿ.

ಹಾಗಾದರೆ ಯಾವುದು?

ಒಂದೇ ಪುಸ್ತಕ ಓದುತ್ತೇನೆ, ಅದು ನೆನಪಲ್ಲಿ ಉಳಿಯಬೇಕು ಎನ್ನುವವರಿಗೆ ಲೆ ಕಾರೆ ಅವರ 1963ರ ಪುಸ್ತಕ. ಇದರಲ್ಲಿ ನನಗೆ ಎರಡು ಮಾತಿಲ್ಲ. ಅದಕ್ಕೆ ಮುಂಚೆ 1961ರ 'ಕಾಲ್ ಫಾರ್ ದಿ ಡೆಡ್' ಓದಿದರೆ ಎರಡು ಪಾತ್ರಗಳ ಹಿನ್ನೆಲೆ ಸಿಗುತ್ತದೆ. ಓದದಿದ್ದರೂ ತೊಂದರೆ ಇಲ್ಲ.

ಇಂಗ್ಲಿಷ್ ಓದಿನ ವೇಗ ಇನ್ನೂ ಬಂದಿಲ್ಲ, ಆದರೆ ಕಥೆ ಕೈ ಬಿಡಬಾರದು ಎನ್ನುವವರಿಗೆ ಹ್ಯಾಮಿಲ್ಟನ್. ದಿನಾ ಮೆಟ್ರೋದಲ್ಲಿ ಇಪ್ಪತ್ತು ನಿಮಿಷ ಸಿಗುವವರಿಗೆ ಹ್ಯಾಮಿಲ್ಟನ್ ಅಥವಾ ಕ್ವಿಲ್ಲರ್. ಅಧ್ಯಾಯಗಳು ಅಷ್ಟರಲ್ಲಿ ಮುಗಿಯುತ್ತವೆ. ಡೇಟನ್ ಮಾತ್ರ ಮೆಟ್ರೋದಲ್ಲಿ ಬೇಡ. ನಡುವೆ ಒಂದು ಮಾತು ತಪ್ಪಿದರೆ ಹಿಂದೆ ಹೋಗಿ ಹುಡುಕಬೇಕು. ಅದು ಭಾನುವಾರದ ಪುಸ್ತಕ. ಹಿಂಸೆಯ ವಿವರ ಆಗದವರಿಗೂ ಡೇಟನ್ ವಾಸಿ. ಅಂಥವರಿಗೆ ಹೆಲ್ಮ್ ಬೇಡವೇ ಬೇಡ.

ಈಗಿನ ಕಾಲದ್ದು ಬೇಕು ಎನ್ನುವವರಿಗೆ ಮಿಕ್ ಹೆರನ್ ಅವರ 'ಸ್ಲೋ ಹಾರ್ಸಸ್' (2010). ತಪ್ಪು ಮಾಡಿದ ಗೂಢಚಾರರನ್ನೆಲ್ಲ ಒಂದು ಪಾಳು ಕಟ್ಟಡಕ್ಕೆ ತಳ್ಳಿ ಗುಮಾಸ್ತೆ ಕೆಲಸ ಕೊಡುತ್ತಾರೆ. ಡೇಟನ್ ಹಾಕಿದ ದಾರಿ ಅದು. ಅದರ ಸೀರಿಯಲ್ ಮೊದಲು ನೋಡಿದವರೂ ಪುಸ್ತಕ ಓದಬಹುದು, ರುಚಿ ಕೆಡುವುದಿಲ್ಲ. ಇನ್ನು ಇವರೆಲ್ಲರ ಮೂಲ ನೋಡಬೇಕು ಎನ್ನುವವರು ಎರಿಕ್ ಆಂಬ್ಲರ್ ಅವರ 1939ರ 'ದಿ ಮಾಸ್ಕ್ ಆಫ್ ಡಿಮಿಟ್ರಿಯೋಸ್' ಹುಡುಕಲಿ. ಇಸ್ತಾಂಬುಲ್‌ನ ಶವಾಗಾರದಲ್ಲಿ ಒಂದು ಹೆಣ ನೋಡಿದ ಪತ್ತೇದಾರಿ ಕಾದಂಬರಿಕಾರ, ಆ ಮನುಷ್ಯನ ಬದುಕನ್ನು ಯುರೋಪಿನ ಊರೂರು ಸುತ್ತಿ ಕೆದಕುತ್ತಾನೆ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಂತು ಮೊದಲ ಎರಡು ಪುಟ ಓದಿ. ಕಥೆ ಏನೆಂದು ನೋಡಬೇಡಿ, ಹೇಳುವವನ ದನಿ ಕೇಳಿ. ಆ ದನಿಯ ಜೊತೆ ನೀವು ಇಡೀ ಪುಸ್ತಕ ಇರಬೇಕು. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಡೆಯ ಹಳೆ ಪುಸ್ತಕದಂಗಡಿಗಳಲ್ಲಿ ಲೆ ಕಾರೆ ಮತ್ತು ಡೇಟನ್ ಸಿಗುತ್ತಾರೆ. ಹ್ಯಾಮಿಲ್ಟನ್ ಅವರ ಪುಸ್ತಕಗಳು 2013ರಿಂದ ಮತ್ತೆ ಅಚ್ಚಾಗಿವೆ. ಕ್ವಿಲ್ಲರ್‌ಗೆ ಸ್ವಲ್ಪ ಅಲೆಯಬೇಕು.

ಅಣ್ಣನ ಮಗಳಿಗೆ ಎರಡನೇ ಸಲ 'ಡೆತ್ ಆಫ್ ಎ ಸಿಟಿಜನ್' ಕೊಟ್ಟೆ. ಮೂರು ದಿನದಲ್ಲಿ ಮುಗಿಸಿ, ಹೆಲ್ಮ್ ಹೆಂಡತಿ ಬೆತ್‌ಗೆ ಆದ ಅನ್ಯಾಯದ ಬಗ್ಗೆ ನನ್ನ ಜೊತೆ ಅರ್ಧ ಗಂಟೆ ಜಗಳವಾಡಿದಳು. ಆಮೇಲೆ ಲೆ ಕಾರೆ ಒಯ್ದಳು. ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನು. "ಚಿಕ್ಕಪ್ಪ, ಮುಗೀತು" ಎಂದಳು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಭಾನುವಾರ ಬರುತ್ತಾಳಂತೆ. ಇಪ್‌ಕ್ರೆಸ್ ಫೈಲ್ ಮತ್ತೆ ಬೇಕಂತೆ.